ಎಕೋ ಸ್ವಲ್ಪ ಜಾಸ್ತಿ ಕೊಡಿ

ನಮ್ಮ ರಸ್ತೆಯಲ್ಲಿ ಶಾಮಿಯಾನದ ಕಂಬ ನೆಟ್ಟ ಮೇಲೆ ಮೊದಲು ಬರುವುದು ಗಣೇಶನಲ್ಲ, ಸೌಂಡ್‌ನವರ ಟಾಟಾ ಏಸ್. ಅದರಿಂದ ಆಳೆತ್ತರದ ಕಪ್ಪು ಡಬ್ಬಗಳು ಒಂದೊಂದಾಗಿ ಇಳಿಯುತ್ತವೆ. ಕುಮಾರಸ್ವಾಮಿ ಲೇಔಟ್ ಎರಡನೇ ಹಂತದ ಮೂವತ್ತಡಿ ರಸ್ತೆಗೆ ಇಷ್ಟೊಂದು ಸ್ಪೀಕರ್ ಯಾಕೆ ಎಂದು ಯಾರೂ ಕೇಳುವುದಿಲ್ಲ. ಪಕ್ಕದ ಕ್ರಾಸಿನವರು ಹೋದ ವರ್ಷ ಎಷ್ಟು ಇಟ್ಟಿದ್ದರು ಎಂಬುದೊಂದೇ ಇಲ್ಲಿ ಲೆಕ್ಕ. ಗಣೇಶನ ನೆಪದಲ್ಲಿ ಶುರುವಾದ ಈ ಸಡಗರ ದಸರಾ ದಾಟಿ, ನವೆಂಬರ್ ಪೂರ್ತಿ ರಾಜ್ಯೋತ್ಸವವಾಗಿ ಹರಡಿಕೊಳ್ಳುತ್ತದೆ. ಒಂದನೇ ತಾರೀಕಿನ ರಾಜ್ಯೋತ್ಸವ ನಮ್ಮ ರಸ್ತೆಗೆ ಬಂದು ತಲುಪುವಾಗ ಇಪ್ಪತ್ತಾರಾಗಿದ್ದರೂ ಆಶ್ಚರ್ಯವಿಲ್ಲ. ಕನ್ನಡಾಂಬೆ ಕಾಯುತ್ತಾಳೆ, ಆರ್ಕೆಸ್ಟ್ರಾದವರ ಡೇಟ್ ಕಾಯುವುದಿಲ್ಲ.

‘ಚೆಕ್, ಚೆಕ್, ಮೈಕ್ ಟೆಸ್ಟಿಂಗ್’ ಎಂಬ ನಾಂದಿ ಮುಗಿದ ಮೇಲೆ ಮೊದಲ ಗಾಯಕ ವೇದಿಕೆ ಹತ್ತುತ್ತಾನೆ. ಮೈಕನ್ನು ಬೆರಳಿನಿಂದ ಎರಡು ಸಲ ತಟ್ಟುತ್ತಾನೆ. ಸಭಿಕರಿಗೆ ನಮಸ್ಕಾರ ಹೇಳುವುದಕ್ಕೂ ಮುಂಚೆ ಸೌಂಡ್‌ನವನ ಕಡೆ ತಿರುಗಿ, ‘ಎಕೋ ಸ್ವಲ್ಪ ಜಾಸ್ತಿ ಕೊಡಿ’ ಅನ್ನುತ್ತಾನೆ. ಅವನ ನಂತರ ಬಂದವಳೂ ಅದನ್ನೇ ಕೇಳುತ್ತಾಳೆ. ಛದ್ಮವೇಷದಲ್ಲಿ ಒನಕೆ ಓಬವ್ವನಾಗಿ ನಿಂತ ಯುಕೆಜಿ ಮಗುವಿನ ಪರವಾಗಿ ಅದರ ಅಪ್ಪ ಕೇಳುತ್ತಾನೆ. ಎಲ್ಲರೂ ಕೇಳುವುದು ‘ಸ್ವಲ್ಪ’. ಆದರೆ ಈ ಸ್ವಲ್ಪಗಳು ಕೂಡುತ್ತಾ ಹೋಗುತ್ತವೆಯೇ ಹೊರತು ಕಳೆಯುವುದಿಲ್ಲ. ಎಂಟೂವರೆಯ ಹೊತ್ತಿಗೆ ಯಾರು ಏನು ಹಾಡಿದರೂ ಬಾವಿಯೊಳಗಿಂದ ಒಂದು ಕುಟುಂಬವೇ ಕೂಗುತ್ತಿರುವಂತೆ ಕೇಳಿಸುತ್ತದೆ.

ಒಂದು ವಿಷಯ ಗಮನಿಸಿದ್ದೇನೆ. ಕುರ್ಚಿಯಲ್ಲಿ ಕೂತವರು ಯಾರೂ ಇದುವರೆಗೆ ಎದ್ದು ನಿಂತು ‘ಎಕೋ ಸಾಲದು’ ಎಂದು ಕೂಗಿಲ್ಲ. ಕೇಳುವವರು ಯಾವಾಗಲೂ ಹಾಡುವವರೇ. ಎಕೋ ಕೇಳುಗನಿಗಾಗಿ ಹಾಕುವ ಅಲಂಕಾರ ಎಂದು ನಾವು ತಿಳಿದಿದ್ದೇವೆ. ನಿಜದಲ್ಲಿ ಅದು ಹಾಡುಗಾರನಿಗೆ ಕೊಡುವ ಧೈರ್ಯ. ಬಟ್ಟೆಯ ಶಾಮಿಯಾನದ ಕೆಳಗೆ, ಬಯಲಿನಲ್ಲಿ, ಹಾಡಿದ ದನಿ ಬಾಯಿಂದ ಹೊರಟಿತೆಂದರೆ ಹೋಯಿತು. ತಿರುಗಿ ಬಂದು ‘ನೀನು ಚೆನ್ನಾಗಿ ಹಾಡಿದೆ ಕಣಯ್ಯ’ ಎಂದು ಹೇಳಲು ಅಲ್ಲಿ ಗೋಡೆಯೇ ಇಲ್ಲ. ಬೆಳಿಗ್ಗೆ ಬಚ್ಚಲುಮನೆಯಲ್ಲಿ ಅದೇ ಮನುಷ್ಯ ಪಿ.ಬಿ. ಶ್ರೀನಿವಾಸ್ ಆಗಿದ್ದ. ನಾಲ್ಕು ಕಡೆ ಟೈಲ್ಸು, ಹಿತ್ತಾಳೆ ಹಂಡೆ, ಮುಚ್ಚಿದ ಬಾಗಿಲು, ಎಲ್ಲವೂ ಅವನ ದನಿಯನ್ನು ಮೆಚ್ಚಿ ವಾಪಸು ಕೊಟ್ಟಿದ್ದವು. ಸಂಜೆ ವೇದಿಕೆಯ ಮೇಲೆ ಅವನು ಕೇಳುತ್ತಿರುವುದು ಬೇರೇನನ್ನೂ ಅಲ್ಲ, ತನ್ನ ಬಚ್ಚಲುಮನೆಯನ್ನು.

ನಗಬೇಡಿ, ಚರಿತ್ರೆ ಅವನ ಕಡೆಗಿದೆ. 1947ರಲ್ಲಿ ಶಿಕಾಗೋದ ಬಿಲ್ ಪಟ್ನಮ್ ಎಂಬ ಸೌಂಡ್ ಎಂಜಿನಿಯರ್ ಹಾರ್ಮೋನಿಕಾ ನುಡಿಸುವ ಒಂದು ತಂಡದ ರೆಕಾರ್ಡಿಂಗ್‌ಗೆ ಸ್ಟುಡಿಯೋದ ಬಚ್ಚಲುಮನೆಯನ್ನೇ ಬಳಸಿಕೊಂಡ. ಒಳಗೊಂದು ಸ್ಪೀಕರ್, ಒಂದು ಮೈಕ್. ವಾದ್ಯದ ದನಿಯನ್ನು ಅಲ್ಲಿಗೆ ಕಳಿಸಿ, ಟೈಲ್ಸಿಗೆ ಬಡಿದು ಬಂದ ಗುಂಗನ್ನು ಹಿಡಿದು, ಮೂಲ ದನಿಗೆ ಬೆರೆಸಿದ. ರೆಕಾರ್ಡು ಅಮೆರಿಕದಲ್ಲೆಲ್ಲ ಗೆದ್ದಿತು. ಇವತ್ತಿಗೂ ಸೌಂಡ್‌ನವನ ಮಿಕ್ಸರ್‌ನಲ್ಲಿ ನಡೆಯುವುದು ಇಷ್ಟೇ. ದನಿಯ ಒಂದು ಪಾಲನ್ನು ಪಕ್ಕಕ್ಕೆ ಕಳಿಸು, ಒದ್ದೆ ಮಾಡಿಸಿ ತರಿಸು, ಒಣಗಿದ್ದ ಮೂಲದ ಜತೆ ಬೆರೆಸು. ಸೌಂಡ್‌ನವರ ಭಾಷೆಯಲ್ಲೂ ಎಫೆಕ್ಟ್ ಹತ್ತಿದ ದನಿ ವೆಟ್, ಹತ್ತದ್ದು ಡ್ರೈ.

ಬಚ್ಚಲುಮನೆಯನ್ನು ಊರೂರಿಗೆ ಹೊತ್ತೊಯ್ಯುವುದು ಹೇಗೆ? 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ಒಂದು ದೊಡ್ಡ ಉಕ್ಕಿನ ತಗಡನ್ನು ಚೌಕಟ್ಟಿನಲ್ಲಿ ತೂಗುಹಾಕಿ, ಅದನ್ನು ನಡುಗಿಸಿ ಗುಂಗು ಹುಟ್ಟಿಸಿತು. ಕೋಣೆಗಿಂತ ಚಿಕ್ಕದು ನಿಜ, ಆದರೆ ಕಾಲು ಟನ್‌ಗೂ ಮಿಕ್ಕ ತೂಕ. ಅದನ್ನು ಟಾಟಾ ಏಸ್‌ಗೆ ಹಾಕಿದರೆ ಗಾಯಕರು ಬಸ್ಸಿನಲ್ಲಿ ಬರಬೇಕು. 1974ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ಸ್ಪೇಸ್ ಎಕೋ ಬಂತು. ಸುತ್ತುತ್ತಲೇ ಇರುವ ಟೇಪಿನ ಮೇಲೆ ದನಿಯನ್ನು ಬರೆದು, ಮುಂದಿನ ಹೆಡ್ಡುಗಳಿಂದ ಒಂದಾದಮೇಲೊಂದು ಓದಿಸುವ ಯುಕ್ತಿ. ಟೇಪು ಸವೆದಂತೆ ಎಕೋ ಮಂಕಾಗುತ್ತಿತ್ತು, ಆ ಮಂಕಿಗೇ ಇವತ್ತೂ ಪ್ರಾಣ ಬಿಡುವ ಗಿಟಾರಿಸ್ಟರಿದ್ದಾರೆ. ಆಮೇಲೆ ಡಿಜಿಟಲ್ ಬಂದು ಎಲ್ಲವೂ ಕಡಲೆಬೀಜದಷ್ಟಾಯಿತು. ತೈವಾನಿನ ಪಿಟಿ 2399 ಎಂಬ ಪುಟ್ಟ ಚಿಪ್ಪು ಅಗ್ಗದ ಕರೋಕೆ ಪೆಟ್ಟಿಗೆಗಳಲ್ಲೆಲ್ಲ ಹೊಕ್ಕಿತು. ಅದಕ್ಕೊಂದು ಗುಣವಿದೆ: ವಿಳಂಬ ಹೆಚ್ಚಿಸಿದಷ್ಟೂ ದನಿ ಕೊರಕೊರ ಎನ್ನುತ್ತದೆ. ಎಸ್.ಪಿ. ರಸ್ತೆಯಲ್ಲಿ ಕೊಂಡ ಚಕ್ರದ ಸ್ಪೀಕರ್‌ನಲ್ಲಿ ಅಪಾರ್ಟ್‌ಮೆಂಟಿನ ಹಿರಿಯರು ಹಳೆಯ ಹಾಡು ಹಾಡುವಾಗ ಪ್ರತಿ ಸಾಲಿನ ಕೊನೆಗೂ ಸಣ್ಣಗೆ ಮರಳು ಉದುರಿದಂತಾದರೆ, ಅದು ಅವರ ಗಂಟಲಿನ ದೋಷವಲ್ಲ.

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎಂದು ನಮ್ಮ ಹಿರಿಯರು ಹೇಳಿದ್ದು ರಿವರ್ಬ್ ಮತ್ತು ಡಿಲೇ ಬಗ್ಗೆಯೇ ಇರಬೇಕು. ನಮ್ಮಲ್ಲಿ ಎರಡಕ್ಕೂ ‘ಎಕೋ’ ಎಂದೇ ಹೆಸರು, ಆದರೆ ಮಂಗನಿಗೆ ವ್ಯತ್ಯಾಸ ಗೊತ್ತಿರಬೇಕು. ಡಿಲೇ ಎಂದರೆ ಹಾಡಿದ್ದು ಎಣಿಸುವ ಹಾಗೆ ಮತ್ತೆ ಮತ್ತೆ ಬರುವುದು. ರಿವರ್ಬ್ ಎಂದರೆ ಎಣಿಕೆ ತಪ್ಪಿ ಒಂದೇ ಗುಂಗಾಗಿ ಆರುವುದು. ಎರಡೂ ಒಟ್ಟಿಗೆ ಬೇಕೆಂದರೆ ವಿಜಯಪುರಕ್ಕೆ ಹೋಗಬೇಕು. 1656ರ ಹೊತ್ತಿಗೆ ಮುಗಿದ ಗೋಳಗುಮ್ಮಟದ ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಏಳು ಸಲ ಕೇಳುತ್ತದೆಂದು ಗೈಡುಗಳು ಹೇಳುತ್ತಾರೆ. ಶಾಲಾ ಪ್ರವಾಸದ ಮಕ್ಕಳು ಬಂದ ದಿನ ಏಳನ್ನು ಎಣಿಸುವ ಪ್ರಶ್ನೆಯೇ ಇಲ್ಲ, ಅದೊಂದು ಸಮುದ್ರ. ಮೊಹಮ್ಮದ್ ಆದಿಲ್ ಶಾಹ ತನ್ನ ಸಮಾಧಿಗೆ ಕಟ್ಟಿಸಿದ ಆ ಕಟ್ಟಡದಲ್ಲಿ ಯಾರೂ ಭಾಷಣ ಮಾಡಲಾರರು. ಅರಸನಿಗೆ ದೂರದೃಷ್ಟಿ ಇತ್ತು.

ಮಿಕ್ಸರ್‌ನೊಳಗಿನ ಎಫೆಕ್ಟುಗಳ ಪಟ್ಟಿ ನೋಡಿದರೆ ಹಾಲ್, ರೂಮ್, ಪ್ಲೇಟ್, ಕೆಥೆಡ್ರಲ್ ಎಂಬ ಹೆಸರುಗಳಿರುತ್ತವೆ. ಯಂತ್ರ ಮಾಡಿದವರು ಎಲ್ಲಿಯವರೋ, ಅವರ ಊರಿನ ಕಟ್ಟಡಗಳು ಒಳಗಿವೆ. ದೇವಸ್ಥಾನದ ನವರಂಗ, ಕಲ್ಯಾಣ ಮಂಟಪದ ಊಟದ ಹಾಲ್, ತೊಟ್ಟಿಮನೆ ಯಾವುದೂ ಇಲ್ಲ. ಹೀಗಾಗಿ ನಮ್ಮ ರಸ್ತೆಯ ಗಣಪತಿ ಸ್ತುತಿ ಪ್ರತಿ ವರ್ಷ ಯುರೋಪಿನ ಯಾವುದೋ ಇಗರ್ಜಿಯಲ್ಲಿ ನಡೆಯುತ್ತದೆ. ಗಣಪತಿ ಇದುವರೆಗೆ ಆಕ್ಷೇಪಿಸಿಲ್ಲ.

ರಸ್ತೆಗೇ ತನ್ನದೊಂದು ಎಕೋ ಇದೆ ಎಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಶಬ್ದ ಒಂದು ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಹದಿನೇಳು ಮೀಟರ್ ದೂರದ ಗೋಡೆಗೆ ಬಡಿದು ವಾಪಸು ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಶಾವಿಗೆ ಮಲ್ಲೇಶ್ವರ ಬೆಟ್ಟದ ಮೇಲೆ ದಯಾನಂದ ಸಾಗರ್ ಕಾಲೇಜು ಎದ್ದು, ಕೆಳಗೆ ಬಡಾವಣೆ ಬೆಳೆಯುತ್ತಿದ್ದ ಕಾಲದಲ್ಲಿ ಇಲ್ಲಿ ಖಾಲಿ ಸೈಟುಗಳೂ ಒಂದಂತಸ್ತಿನ ಮನೆಗಳೂ ಇದ್ದವು. ದನಿ ಹೋದ ದಾರಿಗೆ ಹೋಗುತ್ತಿತ್ತು. ಈಗ ಮೂವತ್ತು-ನಲವತ್ತರ ಸೈಟಿನಲ್ಲಿ ನಾಲ್ಕು ಮಹಡಿ ಎದ್ದಿವೆ. ರಸ್ತೆಯ ಎರಡೂ ಕಡೆ ಗಾಜಿನ ಕಿಟಕಿ, ಗ್ರಾನೈಟ್ ಹೊದಿಕೆ. ಬಿಡಿಎ ಸೈಟು ಹಂಚಿತು, ನಾವು ಸೇರಿ ಅದನ್ನು ಡಿಲೇ ಯಂತ್ರ ಮಾಡಿದೆವು. ರಸ್ತೆಯೇ ಕೊಡುತ್ತಿರುವ ಎಕೋ ಮೇಲೆ ಮಿಕ್ಸರಿನ ಎಕೋ ಬಿದ್ದರೆ ತಾಳವೇ ಎರಡಾಗುತ್ತದೆ. ಜಾಣ ಸೌಂಡ್‌ನವನು ಮೊದಲು ಒಂದು ಚಪ್ಪಾಳೆ ತಟ್ಟಿ ರಸ್ತೆ ಏನು ಹೇಳುತ್ತದೆ ಎಂದು ಕೇಳುತ್ತಾನೆ. ಅಂಥವನು ನಮ್ಮ ಕಡೆ ಒಮ್ಮೆ ಬಂದಿದ್ದ. ಸಮಿತಿಯ ಖಜಾಂಚಿ ‘ಏನಪ್ಪಾ, ಸೊಳ್ಳೆನಾ?’ ಎಂದು ಕೇಳಿದರು.

ಈ ವಿದ್ಯೆಯಲ್ಲಿ ನನಗೆ ಅತಿ ಇಷ್ಟವಾದ ವಿಪರ್ಯಾಸವೊಂದಿದೆ. ಹಿಂದೆಲ್ಲ ರಸ್ತೆಯುದ್ದಕ್ಕೂ ಲೈಟುಕಂಬಗಳಿಗೆ ತಗಡಿನ ಹಾರ್ನುಗಳನ್ನು ಕಟ್ಟುತ್ತಿದ್ದರು. ತಂತಿಯಲ್ಲಿ ದನಿ ಕ್ಷಣಾರ್ಧದಲ್ಲಿ ಕೊನೆಯ ಕಂಬಕ್ಕೆ ಮುಟ್ಟುತ್ತಿತ್ತು, ಗಾಳಿಯಲ್ಲಿ ಬರುವುದು ಮಾತ್ರ ತನ್ನ ಗತಿಯಲ್ಲೇ ಬರುತ್ತಿತ್ತು. ಹೀಗಾಗಿ ನಡುವೆ ಮನೆಯಿದ್ದವರಿಗೆ ಒಂದೇ ಪಲ್ಲವಿ ಹತ್ತಿರದ ಕಂಬದಿಂದ ಮೊದಲು, ದೂರದ ಕಂಬದಿಂದ ಆಮೇಲೆ, ಇನ್ನೂ ದೂರದ್ದರಿಂದ ಮತ್ತೂ ತಡವಾಗಿ ಕೇಳುತ್ತಿತ್ತು. ಅದಕ್ಕೆ ಮದ್ದು ಯಾವುದು? ಎಕೋ ಹುಟ್ಟಿಸುವ ಅದೇ ಡಿಲೇ. ವೇದಿಕೆಯಿಂದ 34 ಮೀಟರ್ ಹಿಂದೆ ಇಟ್ಟ ಸ್ಪೀಕರನ್ನು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಬಾಯಿಬಿಡುವಂತೆ ಮಾಡಿದರೆ ಮುಂದಿನ ದನಿಯೂ ಹಿಂದಿನ ದನಿಯೂ ಒಟ್ಟಿಗೆ ಕಿವಿ ಸೇರುತ್ತವೆ. ಇನ್ನೂ ಕೆಲವು ಮಿಲಿಸೆಕೆಂಡು ತಡಮಾಡಿದರೆ ಮತ್ತೊಂದು ಸೋಜಿಗ: ಪಕ್ಕದಲ್ಲೇ ಸ್ಪೀಕರ್ ಅರಚುತ್ತಿದ್ದರೂ ದನಿ ವೇದಿಕೆಯಿಂದಲೇ ಬರುತ್ತಿದೆ ಎಂದು ಮನಸ್ಸು ನಂಬುತ್ತದೆ. ಮೊದಲು ಬಂದ ದನಿಯ ದಿಕ್ಕನ್ನೇ ಕಿವಿ ಹಿಡಿದುಕೊಳ್ಳುತ್ತದೆ, ಸುಮಾರು ಮೂವತ್ತು ಮಿಲಿಸೆಕೆಂಡಿನೊಳಗೆ ಬಂದ ಉಳಿದದ್ದನ್ನು ಅದರ ಖಾತೆಗೇ ಜಮಾ ಮಾಡುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದರು. ಅರಮನೆ ಮೈದಾನದ ದೊಡ್ಡ ಕಾರ್ಯಕ್ರಮಗಳಲ್ಲಿ ನಡುವೆ ಗೋಪುರದ ಹಾಗೆ ನಿಲ್ಲಿಸುವ ಸ್ಪೀಕರ್‌ಗಳು ಈ ಲೆಕ್ಕದ ಮೇಲೆಯೇ ಕೆಲಸ ಮಾಡುತ್ತವೆ. ಅತ್ಯುತ್ತಮ ಎಫೆಕ್ಟ್ ಎಂದರೆ ಹೀಗಿರಬೇಕು. ಇದೆ ಎಂದು ಯಾರಿಗೂ ಗೊತ್ತಾಗಬಾರದು.

ಕರೆಂಟಿಲ್ಲದೆ ಎಫೆಕ್ಟ್ ಮಾಡಿದವರು ನಮ್ಮಲ್ಲೇ ಇದ್ದಾರೆ. ತಿರುಮಕೂಡಲಿನ ಟಿ. ಚೌಡಯ್ಯನವರು ಮೈಕಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೆ ಪಿಟೀಲು ಕೇಳಿಸಬೇಕೆಂದು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡರು. ಒಂದೇ ಎಳೆತಕ್ಕೆ ಜೋಡಿ ತಂತಿ ನುಡಿದರೆ ದನಿ ದಪ್ಪವಾಗುತ್ತದೆ, ಒಬ್ಬರು ನುಡಿಸಿದ್ದು ಇಬ್ಬರು ನುಡಿಸಿದಂತಾಗುತ್ತದೆ. ಇವತ್ತು ಮಿಕ್ಸರಿನಲ್ಲಿ ಕೋರಸ್, ಡಬ್ಲರ್ ಎಂದು ಗುಂಡಿ ಒತ್ತಿ ಮಾಡುವುದನ್ನು ಅವರು ಬಿರಡೆ ತಿರುಗಿಸಿ ಮಾಡಿದರು. ಆ ಮಹಾನುಭಾವರ ಹೆಸರಿನಲ್ಲಿ 1980ರಲ್ಲಿ ಮಲ್ಲೇಶ್ವರದ ಕಡೆ ಪಿಟೀಲಿನ ಆಕಾರದ ಭವನವೇ ಎದ್ದಿದೆ. ಅಲ್ಲಿ ಈಗ ಮೈಕಿದೆ.

ಶಾಸ್ತ್ರೀಯ ಸಂಗೀತದವರು ಎಫೆಕ್ಟ್ ವಿಷಯದಲ್ಲಿ ಮಡಿವಂತರು. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದ ರಾಮನವಮಿ ಕಚೇರಿಗಳಿಗೆ ಹೋಗಿ ನೋಡಿ. ಅಲ್ಲಿನ ಮಾತುಕತೆ ಪೂರ್ತಿ ಕೈಸನ್ನೆಯಲ್ಲಿ. ಗಾಯಕರು ಆಲಾಪನೆಯ ನಡುವೆ ಬೆರಳನ್ನು ಮೇಲಕ್ಕೆ ಆಡಿಸಿದರೆ ತಾರಸ್ಥಾಯಿಗೆ ಹೊರಟರೆಂದು ಮುಂದಿನ ಸಾಲಿನವರು ತಲೆದೂಗುತ್ತಾರೆ. ಗಾಯಕರು ಕೇಳುತ್ತಿದ್ದುದು ತಮ್ಮೆದುರಿನ ಮಾನಿಟರ್ ಸ್ಪೀಕರ್‌ನಲ್ಲಿ ತಂಬೂರಿ ಜಾಸ್ತಿ ಮಾಡಿ ಎಂದು. ಮೃದಂಗದವರ ಕಡೆ ತೋರಿಸಿ ಅಂಗೈ ಕೆಳಗೆ ಮಾಡಿದರೆ ಆಶೀರ್ವಾದವಲ್ಲ. ಜೆ.ಪಿ. ನಗರದ ರಂಗಶಂಕರದಲ್ಲಂತೂ ಹೆಚ್ಚಿನ ನಾಟಕಗಳು ಮೈಕಿನ ಹಂಗಿಲ್ಲದೆ ನಡೆಯುತ್ತವೆ. ನಟನ ಪಿಸುಮಾತು ಕೊನೆಯ ಸಾಲಿಗೆ ಮುಟ್ಟುತ್ತದೆ, ಕೊನೆಯ ಸಾಲಿನವರ ಚಿಪ್ಸ್ ಪೊಟ್ಟಣವೂ ನಟನಿಗೆ ಮುಟ್ಟುತ್ತದೆ.

ನಮ್ಮ ರಸ್ತೆಯ ಸುಗಮ ಸಂಗೀತಕ್ಕೆ ಅಂಥ ಭಾಗ್ಯವಿಲ್ಲ, ಆದರೆ ಅಲ್ಲಿಯೇ ಎಚ್ಚರ ಹೆಚ್ಚು ಬೇಕು. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಇವರೆಲ್ಲ ಜನರ ಬಾಯಿಗೆ ಕೊಟ್ಟದ್ದು ಬರೀ ರಾಗವನ್ನಲ್ಲ, ಕವಿತೆಯನ್ನು. ಒತ್ತಕ್ಷರ ಮುಳುಗಿದರೆ ಕವಿತೆ ಮುಳುಗಿತು. ಎರಡು ಮೂರು ಸೆಕೆಂಡು ಗುಂಯ್‌ಗುಟ್ಟುವ ಹಾಲ್ ರಿವರ್ಬಿನಲ್ಲಿ ಹಿಂದಿನ ಪದದ ಬಾಲ ಮುಂದಿನ ಪದದ ತಲೆಯನ್ನು ಮುಚ್ಚುತ್ತದೆ. ಬೇಂದ್ರೆಯೂ ಕುವೆಂಪುವೂ ಒಂದೇ ಆಗಿಬಿಡುತ್ತಾರೆ. ಬಲ್ಲವರು ಸಣ್ಣ ಸಣ್ಣ ಉಪಾಯ ಮಾಡುತ್ತಾರೆ. ಪದ ಮೊದಲು ಸ್ಪಷ್ಟವಾಗಿ ಹೋಗಲಿ, ಗುಂಗು ಮೂವತ್ತೋ ನಲವತ್ತೋ ಮಿಲಿಸೆಕೆಂಡು ಕಾದು ಹಿಂದೆ ಬರಲಿ ಎಂದು ಪ್ರೀ-ಡಿಲೇ ಇಡುತ್ತಾರೆ. ವಾಪಸು ಬರುವ ಗುಂಗಿನಿಂದ ಬೇಸ್ ಕತ್ತರಿಸುತ್ತಾರೆ, ಇಲ್ಲದಿದ್ದರೆ ತಬಲಾದ ಎಡಗೈ ಅದರಲ್ಲಿ ಹೂತುಹೋಗುತ್ತದೆ. ಕುಣಿತದ ಸಿನಿಮಾ ಹಾಡಿಗೆ ಡಿಲೇಯನ್ನು ತಾಳಕ್ಕೆ ಕೂಡಿಸುತ್ತಾರೆ. ನಿಮಿಷಕ್ಕೆ 120 ಬಡಿತದ ಹಾಡಾದರೆ ಒಂದು ಬಡಿತಕ್ಕೆ 500 ಮಿಲಿಸೆಕೆಂಡು, ಎಕೋ ಸರಿಯಾಗಿ ತಾಳದ ಮೇಲೆ ಬಿದ್ದು ತಾನೂ ಒಂದು ವಾದ್ಯವಾಗುತ್ತದೆ. ಸಾಲಿನ ಕೊನೆಯ ಪದಕ್ಕೆ ಮಾತ್ರ ಡಿಲೇ ಎತ್ತಿ, ಮುಂದಿನ ಸಾಲಿಗೆ ಇಳಿಸುವ ಬೆರಳುಗಳನ್ನು ನೋಡಿದ್ದೇನೆ. ವೇದಿಕೆಯ ಮೇಲಿದ್ದ ಕೀಬೋರ್ಡಿನವನಿಗಿಂತ ಚೆನ್ನಾಗಿ ನುಡಿಸುತ್ತಿದ್ದವು.

ಸೌಂಡ್‌ನವರ ಪರಮ ಶತ್ರು ಹೌಲಿಂಗ್. ಮೈಕಿನ ದನಿ ಸ್ಪೀಕರಿಗೆ, ಸ್ಪೀಕರಿನದು ಮತ್ತೆ ಮೈಕಿಗೆ, ಹೀಗೆ ಸುತ್ತಿ ಸುತ್ತಿ ‘ಕೂಂಯ್’ ಎಂದು ಎಲ್ಲರ ಕೈ ಕಿವಿಗೆ ಹೋಗುವುದು. ಎಕೋ ಹೆಚ್ಚಿದಷ್ಟೂ ಈ ಸುತ್ತಿಗೆ ದಾರಿಗಳು ಹೆಚ್ಚುತ್ತವೆ, ಗಾಯಕನ ಕಾಲಬುಡದ ಮಾನಿಟರಿಗೆ ಎಕೋ ಕೊಟ್ಟರಂತೂ ಕರೆದು ಕೂರಿಸಿದ ಹಾಗೆ. ಆದರೆ ಗಾಯಕನಿಗೆ ಬೇಕಾಗಿರುವುದು ಅಲ್ಲಿಯೇ. ಇದಕ್ಕೆ ಅನುಭವಿ ಸೌಂಡ್‌ನವರು ಕಂಡುಕೊಂಡ ರಾಜಿಸೂತ್ರವನ್ನು ಹೇಳಿಬಿಡುತ್ತೇನೆ, ಗಾಯಕರು ಓದಬೇಡಿ. ‘ಎಕೋ ಸ್ವಲ್ಪ ಜಾಸ್ತಿ ಕೊಡಿ’ ಎಂದ ಕೂಡಲೇ ಅವರು ಯಾವುದಕ್ಕೂ ಜೋಡಿಸದ ಒಂದು ಗುಂಡಿಯನ್ನು ಗಂಭೀರವಾಗಿ ತಿರುಗಿಸಿ ‘ಈಗ?’ ಎಂದು ಹುಬ್ಬೇರಿಸುತ್ತಾರೆ. ಗಾಯಕ ಕಣ್ಣು ಮುಚ್ಚಿ, ಒಂದು ಸ್ವರ ಎಳೆದು, ‘ಹಾಂ, ಈಗ ಸರಿಯಾಯ್ತು’ ಅನ್ನುತ್ತಾನೆ.

ಕಲ್ಯಾಣ ಮಂಟಪದ್ದು ತದ್ವಿರುದ್ಧ ಕಥೆ. ಅಲ್ಲಿ ಗೋಡೆ, ನೆಲ, ಸೂರು ಎಲ್ಲ ಗಟ್ಟಿ. ಮಧ್ಯಾಹ್ನ ಖಾಲಿ ಹಾಲಿನಲ್ಲಿ ಸೌಂಡ್ ಚೆಕ್ ಮಾಡಿದರೆ ಗುಂಗು ಆರುವಷ್ಟರಲ್ಲಿ ಕಾಫಿ ತರಬಹುದು. ರಾತ್ರಿ ಆರತಕ್ಷತೆಗೆ ಜನ ತುಂಬಿದ ಮೇಲೆ ಅದೇ ಹಾಲು ಬೇರೆಯಾಗುತ್ತದೆ, ಏಕೆಂದರೆ ಮನುಷ್ಯರೂ ಬಟ್ಟೆಯೂ ದನಿಯನ್ನು ಹೀರುತ್ತವೆ. 1895ರ ಸುಮಾರಿಗೆ ಹಾರ್ವರ್ಡಿನ ವ್ಯಾಲೇಸ್ ಸೇಬಿನ್, ಮಾತು ಅರ್ಥವಾಗದಷ್ಟು ಗುಂಯ್‌ಗುಡುತ್ತಿದ್ದ ಒಂದು ಉಪನ್ಯಾಸ ಕೋಣೆಗೆ ಪಕ್ಕದ ಥಿಯೇಟರಿನ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಒಂದೊಂದಾಗಿ ಇಟ್ಟು, ಗುಂಗು ಎಷ್ಟು ಹೊತ್ತಿಗೆ ಆರುತ್ತದೆ ಎಂದು ಅಳೆದರು. ಬೆಳಗಾಗುವುದರೊಳಗೆ ವಾಪಸು. ಸಭಾಂಗಣಗಳ ಧ್ವನಿವಿಜ್ಞಾನ ಹುಟ್ಟಿದ್ದು ಹಾಗೆ. ಅವರು ನಮ್ಮ ಕಡೆ ಹುಟ್ಟಿದ್ದರೆ ಮೆತ್ತೆ ಹೊರುವ ಕಷ್ಟವಿರಲಿಲ್ಲ, ರೇಷ್ಮೆ ಸೀರೆಯ ಬಳಗವನ್ನು ಸಾಲುಸಾಲಾಗಿ ಕೂರಿಸಿ ಅಳೆಯಬಹುದಿತ್ತು, ಊಟಕ್ಕೆ ಎಬ್ಬಿಸುವವರೆಗೆ. ಇಂಥ ಹಾಲಿನಲ್ಲೂ ಎಕೋ ಬೇಕೆನ್ನುವವರಿದ್ದಾರೆ. ಅದು ಹೊಳೆಯಲ್ಲಿ ನಿಂತು ಚೊಂಬು ಕೇಳುವ ಕೆಲಸ.

ಲೈವ್ ಮಿಕ್ಸಿಂಗ್‌ನಲ್ಲಿ ಅತಿ ಮುಖ್ಯ ಎಫೆಕ್ಟ್ ಯಾವುದು ಎಂದು ಕೇಳಿದರೆ ನಾನು ಮ್ಯೂಟ್ ಗುಂಡಿ ಎನ್ನುತ್ತೇನೆ. ಹಾಡು ಮುಗಿದು ಮಾತು ಶುರುವಾಗುವ ಮುನ್ನ ಎಫೆಕ್ಟಿನ ಬಾಯಿ ಮುಚ್ಚಿಸಬೇಕು. ಸೌಂಡ್‌ನವನು ಆ ಹೊತ್ತಿಗೆ ಚಿತ್ರಾನ್ನದ ತಟ್ಟೆಯ ಕಡೆ ಹೊರಳಿದ್ದರೆ ಮುಗಿಯಿತು. ಒಮ್ಮೆ ಜನಪ್ರತಿನಿಧಿಯೊಬ್ಬರು ಪ್ರೇಮಗೀತೆಯ ಡಿಲೇ ಆರದಿರುವಾಗಲೇ ಮೈಕ್ ಹಿಡಿದರು. ‘ಬಂಧುಗಳೇ… ಗಳೇ… ಗಳೇ.’ ಅವರು ಬೆದರಲಿಲ್ಲ, ಹಿಗ್ಗಿದರು. ‘ರಸ್ತೆ ಮಾಡಿಸುತ್ತೇನೆ… ತ್ತೇನೆ… ತ್ತೇನೆ’ ಎಂದಾಗ ಚಪ್ಪಾಳೆ ಬಿತ್ತು. ಮೂರು ಸಲ ಭರವಸೆ ಸಿಕ್ಕ ಆ ರಸ್ತೆಗೆ ಆಮೇಲೆ ಒಂದು ಸಲ ಜಲ್ಲಿ ಬಿತ್ತು.

ಇತ್ತೀಚೆಗೆ ಶ್ರುತಿ ತಿದ್ದುವ ಯಂತ್ರವೂ ಬೀದಿಗೆ ಬರುತ್ತಿದೆ. 1997ರಲ್ಲಿ ಆಟೋ-ಟ್ಯೂನ್ ಎಂಬುದನ್ನು ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ಭೂಮಿಯೊಳಗೆ ತೈಲ ಎಲ್ಲಿದೆ ಎಂದು ಕಂಪನಗಳಿಂದ ಪತ್ತೆ ಹಚ್ಚುವ ಕೆಲಸದಲ್ಲಿದ್ದವರು. ಅಂಥ ಪಾತಾಳದಿಂದ ಸ್ವರ ಎತ್ತಿ ತಂದರೆ ಸಂತೋಷವೇ. ಆದರೆ ನಮ್ಮ ಗಮಕವೆಲ್ಲ ಸ್ವರಗಳ ನಡುವಿನ ಜಾರುದಾರಿಯಲ್ಲಿದೆ. ಯಂತ್ರ ಅದನ್ನು ತಪ್ಪೆಂದು ತಿಳಿದು ಮೆಟ್ಟಿಲು ಕಟ್ಟಿಬಿಡುತ್ತದೆ. ನನಗೆ ಎಕೋ ಬಗ್ಗೆ ಇರುವ ಸಿಟ್ಟು ಹುಸಿ, ಇದರ ಬಗ್ಗೆ ಇರುವುದು ನಿಜ.

ಹತ್ತು ಗಂಟೆಗೆ ಎಲ್ಲವೂ ನಿಲ್ಲಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬಗಳಿಗಾಗಿ ಸರ್ಕಾರ ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಬಿಡಬಹುದು. ವಸತಿ ಪ್ರದೇಶದಲ್ಲಿ ಹಗಲಿಗೆ ಇರುವ ಮಿತಿ 55 ಡೆಸಿಬೆಲ್. ನಮ್ಮ ಸಮಿತಿಯ ಲೆಕ್ಕಪತ್ರದ ಸಭೆಯೇ ಅದನ್ನು ದಾಟುತ್ತದೆ.

ಗಾಯಕರಿಗೆ ಬುದ್ಧಿ ಹೇಳುವ ಆಸೆ ನನಗಿಲ್ಲ. ಧೈರ್ಯ ಎಲ್ಲಿಂದ ಸಿಕ್ಕರೂ ಒಳ್ಳೆಯದೇ, ಮೈಕ್ ಮುಂದೆ ನಿಲ್ಲುವುದು ಸಣ್ಣ ಮಾತಲ್ಲ. ಮನವಿ ಇರುವುದು ಸಮಿತಿಯವರಿಗೆ. ಪ್ರಸಾದದ ಟೇಬಲ್ ಎಲ್ಲಿ, ಅತಿಥಿಗಳ ಸೋಫಾ ಎಲ್ಲಿ ಎಂದು ವಾರಗಟ್ಟಲೆ ಚರ್ಚಿಸುತ್ತೀರಿ, ಮಿಕ್ಸರನ್ನು ಮಾತ್ರ ವೇದಿಕೆಯ ಹಿಂದೆ ಯಾರದೋ ಗೇಟಿನೊಳಗೆ ಸ್ಕೂಟರ್ ಸರಿಸಿ ಕೂರಿಸುತ್ತೀರಿ. ಸ್ಪೀಕರಿನ ಬೆನ್ನು ನೋಡುತ್ತಾ ಕೂತವನಿಗೆ ಅದರ ಮುಂದೆ ಎಕೋ ಎಷ್ಟಾಗಿದೆ ಎಂದು ಹೇಗೆ ತಿಳಿಯಬೇಕು? ಈ ಸಲ ಅವನ ಟೇಬಲನ್ನು ಜನರ ನಡುವೆ, ವೇದಿಕೆಗೆ ಎದುರಾಗಿ ಹಾಕಿ. ಕೇಬಲ್ಲಿಗೆ ಐವತ್ತಡಿ ಹೆಚ್ಚು ಬೇಕಾಗುತ್ತದೆ, ಅಷ್ಟೇ. ಚಿತ್ರಾನ್ನವನ್ನೂ ಅಲ್ಲಿಗೇ ಕಳಿಸಿಕೊಡಿ.